ತೊಟ್ಟಿ ಸುತ್ತಿನ ನೆಲಕ್ಕೆ ಬಣ್ಣ ಬೇಡ, ಹಿಡಿತ ಬೇಕು

ನಮ್ಮದು ಚಳ್ಳಕೆರೆ ಸೀಮೆಯ ಮಳೆ ನಂಬಿದ ಬೇಸಾಯ. ಶೇಂಗಾ, ತೊಗರಿ, ಒಂದಿಷ್ಟು ಸಜ್ಜೆ. ಇರುವ ಒಂದು ಕೊಳವೆ ಬಾವಿಯಲ್ಲಿ ಒಂದಿಂಚು ನೀರು. ಕರೆಂಟು ಇದ್ದಾಗ ತುಂಬಿಸಿಕೊಳ್ಳೋಣ ಅಂತ 2018ರಲ್ಲಿ 12 ಅಡಿ ಉದ್ದ, 10 ಅಡಿ ಅಗಲದ ಸಿಮೆಂಟು ತೊಟ್ಟಿ ಕಟ್ಟಿಸಿದೆ. ಸುತ್ತ ಕೆಸರಾಗಬಾರದೆಂದು ನಾಲ್ಕಡಿ ಅಗಲಕ್ಕೆ ಕಾಂಕ್ರೀಟು ಹಾಕಿಸಿದೆ. ದನ ನೀರು ಕುಡಿಯೋದು, ಬಟ್ಟೆ ಒಗೆಯೋದು ಎಲ್ಲ ಅಲ್ಲೇ. ಬೇಸಿಗೆಯಲ್ಲಿ ಊರ ಹುಡುಗರಿಗೆ ಅದೇ ಈಜುಕೊಳ.

2021ರಲ್ಲಿ ಮಗಳ ಮದುವೆ ಮಾತಿಗೆ ಬೀಗರು ಬರುವವರಿದ್ದರು. ತೊಟ್ಟಿ ಸುತ್ತಿನ ನೆಲ ಪಾಚಿ ಹಿಡಿದು ಕಪ್ಪಾಗಿತ್ತು. ನೋಡಿದವರು ಏನಂದಾರು ಅನ್ನಿಸಿತು. ಮೊದಲು ಸಿಮೆಂಟು ಹಾಲು ಬಳಿದು ನುಣ್ಣಗೆ ಮಾಡಿಸಿದೆ. ವಾರ ಕಳೆಯುವಷ್ಟರಲ್ಲೇ ಐದು ಲೀಟರು ಕೆಂಪು ಎಣ್ಣೆ ಬಣ್ಣ ತಂದು ಎರಡು ಕೈ ಹೊಡೆಸಿದೆ. ಕೂಲಿ ಸೇರಿ ಎರಡೂವರೆ ಸಾವಿರ ಖರ್ಚಾತು. ಬೀಗರು ಮೆಚ್ಚಿದರು. ನಾನೂ ಹಿಗ್ಗಿದೆ.

ಮಳೆಗಾಲ ಮುಗಿಯೋದರೊಳಗೆ ಬಣ್ಣ ಗುಳ್ಳೆ ಎದ್ದು ಹಪ್ಪಳದ ಹಾಗೆ ಬಿಡತೊಡಗಿತು. ಬಿಡದೆ ಉಳಿದ ಕಡೆ ಕನ್ನಡಿಯಂಗೆ ನುಣುಪು. ಬಿಸಿಲಲ್ಲಿ ಬರಿಗಾಲಿಡೋ ಹಾಗಿಲ್ಲ, ನೀರು ಬಿದ್ದರೆ ನಿಲ್ಲೋ ಹಾಗಿಲ್ಲ. ಮನೆಯವಳು ಎರಡು ಸಲ ಹೇಳಿದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

2022ರ ಜೂನ್‌ನಲ್ಲಿ ಮುಂಗಾರಿನ ಕೆಲಸ ಜೋರಾಗಿದ್ದ ಹೊತ್ತು. ಸಂಜೆ ನೊಗ ಬಿಚ್ಚಿ ನೀರಿಗೆ ಬಿಟ್ಟಾಗ, ಜೋಡಿಯ ಎಡಗಡೆಯ ಎತ್ತು ಹಿಂಗಾಲು ಅಗಲಿಸಿ ಬಿದ್ದುಬಿಟ್ಟಿತು. ನಾಲ್ಕು ಜನ ಸೇರಿ ಎಬ್ಬಿಸಬೇಕಾಯಿತು. ಪಶು ವೈದ್ಯರು ಬಂದು ನೋಡಿ, ಸೊಂಟದ ಕೀಲಿಗೆ ಪೆಟ್ಟಾಗಿದೆ, ಇನ್ನು ಹೂಡಬೇಡಿ ಅಂದರು. ಬಾಡಿಗೆ ಟ್ರ್ಯಾಕ್ಟರು ಸಿಗುವಷ್ಟರಲ್ಲಿ ಹದ ಹೋಗಿ, ಶೇಂಗಾ ಬಿತ್ತನೆ ಹತ್ತು ದಿನ ತಡವಾಯಿತು. ಎರಡೂವರೆ ಸಾವಿರದ ಬಣ್ಣ ಒಂದು ಎತ್ತನ್ನು ತಿಂದಿತು.

ತಪ್ಪು ಎಲ್ಲಿ?

ಊರಿನ ಗಾರೆ ಮೇಸ್ತ್ರಿಯೊಬ್ಬ ಸಂಬಂಧದಲ್ಲಿ ನನಗೆ ಅಳಿಯ ಆಗಬೇಕು. ಬೆಂಗಳೂರಲ್ಲಿ ಈಜುಕೊಳದ ಕೆಲಸ ಮಾಡಿ ಬಂದವನು. ಅವನನ್ನು ಕರೆದು ತೋರಿಸಿದೆ. ನೋಡಿ ನಕ್ಕ. "ಏನ್ ಮಾವ, ಸೋಪು ಮಾಡಿಟ್ಟಿದ್ದೀರಲ್ಲ!" ಅಂದ.

ಅವನು ಹೇಳಿದ್ದು ಹೀಗೆ. ಸಿಮೆಂಟಿಗೆ ಸುಣ್ಣದ ಖಾರ ಇರುತ್ತದೆ, ಹೊಸ ಸಿಮೆಂಟಿಗಂತೂ ಜಾಸ್ತಿ. ತೇವ ಸಿಕ್ಕರೆ ಅದು ಬಣ್ಣದ ಎಣ್ಣೆಯನ್ನು ಸೋಪಿನಂತೆ ಮಾಡಿ ಹಿಡಿತ ಬಿಡಿಸುತ್ತದೆ. ಜೊತೆಗೆ ನೆಲದಡಿಯ ತೇವ ಮೇಲೇರಿ ಬಣ್ಣವನ್ನು ಎತ್ತುತ್ತದೆ. ಹೊಸ ಸಿಮೆಂಟು ಕನಿಷ್ಠ 28 ದಿನ ಕಳೆಯದೆ ಬಣ್ಣ ಮುಟ್ಟಬಾರದು. ಈಜುಕೊಳದ ಸುತ್ತಲಿನ ನೆಲವನ್ನು ಬೇಕೆಂದೇ ತರಿ ಬಿಡುತ್ತಾರೆ, ಒದ್ದೆ ಕಾಲಿಗೆ ಹಿಡಿತ ಸಿಗಲಿ ಅಂತ.

ಮತ್ತೆ ಮಾಡಿದ್ದು ಹೇಗೆ?

ಬಣ್ಣ, ಸಿಮೆಂಟು ಹಾಲಿನ ಪದರ ಎರಡನ್ನೂ ಕೆರೆದು ತೆಗೆದೆವು. ಹಳೆ ಕಾಂಕ್ರೀಟಿನ ಮೇಲೆ ಉಳಿಯಿಂದ ಒತ್ತೊತ್ತಾಗಿ ಕಚ್ಚು ಹೊಡೆದೆವು. ಗುಡಿಸಿ, ತೊಳೆದು, ಹಿಂದಿನ ದಿನವೇ ನೆನೆಸಿದೆವು. ಕೆಲಸದ ಹೊತ್ತಿಗೆ ನೆಲ ತೇವ ಇರಬೇಕು, ನೀರು ನಿಂತಿರಬಾರದು.

ಸಿಮೆಂಟು ಹಾಲು ಬಳಿದು, ಅದು ಒಣಗುವ ಮೊದಲೇ ಒಂದು ಬಾಂಡ್ಲಿ ಸಿಮೆಂಟಿಗೆ ಮೂರು ಬಾಂಡ್ಲಿ ಮರಳಿನ ಗಾರೆ ಒಂದಿಂಚು ದಪ್ಪಕ್ಕೆ ಹಾಕಿದೆವು. ಅಂಚಿನಲ್ಲೂ ಒಂದಿಂಚು ಬೇಕು, ತೆಳುವಾದರೆ ಅಲ್ಲಿಂದಲೇ ಒಡೆಯುತ್ತದೆ. ತೊಟ್ಟಿಯಿಂದ ಹೊರಕ್ಕೆ ನಾಲ್ಕಡಿಗೆ ಒಂದಿಂಚು ಇಳಿಜಾರು ಕೊಟ್ಟೆವು. ಹಳೆ ನೆಲದಲ್ಲಿ ಸಂದು ಇದ್ದಲ್ಲೆಲ್ಲ ಮೇಲೂ ಸಂದು ಬಿಟ್ಟೆವು.

ಮರದ ಮಣೆಯಿಂದ ಮಟ್ಟ ಮಾಡಿ ಕಾದೆವು. ನೀರಿನ ಹೊಳಪು ಆರಿ, ಬೆರಳಿಟ್ಟರೆ ಗುರುತು ಬಿದ್ದು ಗಾರೆ ಮಾತ್ರ ಅಂಟದ ಹದದಲ್ಲಿ, ತೆಂಗಿನ ಕಡ್ಡಿ ಪೊರಕೆಯನ್ನು ನಡೆಯುವ ದಿಕ್ಕಿಗೆ ಅಡ್ಡಲಾಗಿ ಎಳೆದೆವು. ಸಣ್ಣ ಸಣ್ಣ ಗೀರು ಬಿದ್ದವು. ಅಷ್ಟೇ, ಅದೇ ಹಿಡಿತ. ಬೇಗ ಆರಲಿ ಅಂತ ಮೇಲೆ ಒಣ ಸಿಮೆಂಟು ಉದುರಿಸಲು ಹೋಗಬೇಡಿ, ಆ ಪದರ ಎದ್ದು ಬರುತ್ತದೆ. ಹತ್ತು ದಿನ ಗೋಣಿ ಹಾಸಿ ನೀರು ಹಾಕಿದೆವು. ದನವನ್ನು ಆ ಕಡೆ ಬಿಡಲಿಲ್ಲ.

240 ಚದರ ಅಡಿಗೆ ಆರು ಚೀಲ ಸಿಮೆಂಟು, 20 ಘನ ಅಡಿ ಮರಳು ಹಿಡಿಯಿತು. ಮೇಸ್ತ್ರಿ ಕೂಲಿ ಸೇರಿ ಏಳು ಸಾವಿರದೊಳಗೆ ಮುಗಿಯಿತು. ಕೈಯಾಳು ನಾವೇ.

ಬಣ್ಣ ಬೇಕೇ ಬೇಕು ಅನ್ನುವವರಿಗೆ

ಒಂದು ಮೊಳ ಚದರದ ಪ್ಲಾಸ್ಟಿಕ್ಕು ಹಾಳೆಯನ್ನು ಒಣಗಿದ ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ಎತ್ತಿ ನೋಡಿ. ಒಳಗೆ ಹನಿ ಕಟ್ಟಿದ್ದರೆ, ನೆಲ ಕಪ್ಪಾಗಿದ್ದರೆ ಅಡಿಯಲ್ಲಿ ತೇವ ಇದೆ. ಬಣ್ಣದ ದುಡ್ಡು ಜೇಬಲ್ಲೇ ಇರಲಿ. ಒಣಗಿದ್ದರೆ ಸಿಮೆಂಟು ನೆಲಕ್ಕೆಂದೇ ಬರುವ ಬಣ್ಣ ತನ್ನಿ. ಹಸಿ ಬಣ್ಣದ ಮೇಲೆ ಜರಡಿ ಹಿಡಿದ ಒಣ ಮರಳು ತೆಳುವಾಗಿ ಉದುರಿಸಿ.

ತರಿ ನೆಲಕ್ಕೂ ಪಾಚಿ ಬರುತ್ತದೆ, ಸುಳ್ಳು ಹೇಳಲಾರೆ. ವಾರಕ್ಕೊಮ್ಮೆ ಗಡಸು ಪೊರಕೆಯಿಂದ ಉಜ್ಜುತ್ತೇವೆ. ಆದರೆ ಅಲ್ಲಿಂದೀಚೆಗೆ ದನ ಜಾರಿಲ್ಲ, ಹುಡುಗರೂ ಬಿದ್ದಿಲ್ಲ.

ಪೆಟ್ಟಾದ ಎತ್ತನ್ನು ಮಾರಲು ಮನಸ್ಸು ಬರಲಿಲ್ಲ. ಕುಂಟುತ್ತಾ ಮೇಯ್ದುಕೊಂಡಿದೆ. ಎಷ್ಟು ಕರೆದರೂ ತೊಟ್ಟಿ ಹತ್ತಿರ ಮಾತ್ರ ಬರೋದಿಲ್ಲ. ದಿನಾ ಎರಡು ಹೊತ್ತು ಬಕೆಟ್ಟಿನಲ್ಲಿ ನೀರು ಒಯ್ದು ನಾನೇ ಕುಡಿಸುತ್ತೇನೆ.