ನಾರ್ತ್ ಕ್ರೀಕ್ ದಂಡೆಯ ವಿಶ್ವವಿದ್ಯಾಲಯ: ಬಾಗಿಲು ತೆರೆದೇ ಇದೆ, ಹೋಗೋಣ ಬನ್ನಿ



ಬಾಥೆಲ್ ಊರಿನ ನಾರ್ತ್ ಕ್ರೀಕ್ ಆಸುಪಾಸಿನಲ್ಲಿ ಮನೆ ಅಥವಾ ಆಫೀಸು ಇರುವ ಕನ್ನಡಿಗರು ನಮ್ಮಲ್ಲಿ ಸಾಕಷ್ಟು ಜನ ಇದ್ದೀರಿ. ಐ-405 ಮತ್ತು 522 ಹೆದ್ದಾರಿಗಳು ಸೇರುವಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡು ಗೊಣಗದವರು ಯಾರೂ ಇರಲಿಕ್ಕಿಲ್ಲ. ಆಗ ಪಕ್ಕದ ಗುಡ್ಡದ ಮೇಲೆ ಇಟ್ಟಿಗೆ ಬಣ್ಣದ ಕಟ್ಟಡಗಳು ಕಾಣುತ್ತವಲ್ಲ, ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಾಥೆಲ್ ಕ್ಯಾಂಪಸ್ಸು. ನಾವು ಎಂಟು ವರ್ಷ ಅದರ ಮುಂದೆಯೇ ದಿನಾ ಕಾರು ಓಡಿಸಿದ್ದೇವೆ, ಒಂದು ದಿನವೂ ಒಳಗೆ ಹೋಗಿರಲಿಲ್ಲ. ನಮ್ಮ ಮಟ್ಟಿಗೆ ವಿಶ್ವವಿದ್ಯಾಲಯ ಎಂದರೆ ಮುಂದೊಂದು ದಿನ ಮಗಳ ಫೀಸು ಕಟ್ಟಬೇಕಾದ ಜಾಗ, ಅಷ್ಟೆ!

ಅದು ತಪ್ಪು ತಿಳಿವಳಿಕೆ ಎಂದು ನಮಗೆ ಗೊತ್ತಾಗಿದ್ದು ತಡವಾಗಿ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವರ್ಷವಿಡೀ ಸಾರ್ವಜನಿಕ ಉಪನ್ಯಾಸಗಳೂ ವಿಚಾರ ಸಂಕಿರಣಗಳೂ ನಡೆಯುತ್ತವೆ. ಬಹಳಷ್ಟಕ್ಕೆ ಟಿಕೆಟ್ ಇಲ್ಲ, ಗುರುತಿನ ಚೀಟಿಯೂ ಬೇಡ. ಅವು ಏನು, ಹೇಗೆ ನಡೆಯುತ್ತವೆ, ನಮ್ಮಂಥ ಕುಟುಂಬಗಳು ಏಕೆ ಹೋಗಬೇಕು ಎಂದು ತಿಳಿಸುವ ಪ್ರಯತ್ನ ಈ ಲೇಖನ.

ಮೊದಲು ಕಾಗೆಗಳ ಕಥೆ

ಬಾಥೆಲ್ ಕ್ಯಾಂಪಸ್ಸು 1990ರಲ್ಲಿ ಶುರುವಾಗಿ, 2000ದಲ್ಲಿ ಈಗಿನ ಜಾಗಕ್ಕೆ ಬಂದಿತು. ಕ್ಯಾಸ್ಕೇಡಿಯಾ ಕಾಲೇಜು ಇರುವುದೂ ಇದೇ ಆವರಣದಲ್ಲಿ. ಕೆಳಗೆ ನಾರ್ತ್ ಕ್ರೀಕ್ ತೊರೆ ಹರಿಯುತ್ತದೆ. ಹಿಂದೆ ಇದು ಕೃಷಿ ಜಮೀನಾಗಿದ್ದಾಗ ತೊರೆಯನ್ನು ಕಾಲುವೆಯಂತೆ ನೇರ ಮಾಡಿಬಿಟ್ಟಿದ್ದರು. ಕ್ಯಾಂಪಸ್ಸು ಕಟ್ಟುವಾಗ ಸುಮಾರು 58 ಎಕರೆ ಜೌಗು ಪ್ರದೇಶವನ್ನು ಮರಳಿ ರೂಪಿಸಿ, ತೊರೆಗೆ ಮತ್ತೆ ಅದರ ವಂಕಿ ದಾರಿಯನ್ನು ಕೊಟ್ಟು, ಗಿಡ ಮರ ನೆಟ್ಟರು. ಮರಗಳು ಬೆಳೆದ ಮೇಲೆ ಕರೆಯದೇ ಬಂದ ಅತಿಥಿಗಳು ಕಾಗೆಗಳು. ಚಳಿಗಾಲದ ಸಂಜೆ ಸುತ್ತಲಿನ ಊರುಗಳಿಂದ ರಾತ್ರಿ ತಂಗಲು ಬರುವ ಕಾಗೆಗಳ ಸಂಖ್ಯೆ 16,000ದವರೆಗೂ ಮುಟ್ಟುತ್ತದಂತೆ!

ಒಂದು ನವೆಂಬರಿನಲ್ಲಿ ಊರಿನಿಂದ ಬಂದಿದ್ದ ನಮ್ಮ ತಂದೆಯವರನ್ನು ಇದನ್ನು ತೋರಿಸಲೆಂದು ಕರೆದುಕೊಂಡು ಹೋದೆವು. ಅವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಇಲ್ಲಿಗೆ ಬಂದ ಹಿರಿಯರ ಪಾಡು ನಿಮಗೆಲ್ಲ ಗೊತ್ತೇ ಇದೆ. ಹೊರಗೆ ಸದಾ ಜಿಟಿಜಿಟಿ ಮಳೆ, ನಾಲ್ಕೂವರೆಗೇ ಕತ್ತಲು, ಮಗ ಸೊಸೆ ಆಫೀಸಿಗೆ, ಮೊಮ್ಮಗಳು ಶಾಲೆಗೆ. ಮಾತನಾಡಲು ಸಿಗುವುದು ಟಿವಿ ಒಂದೇ. "ಮೂರು ತಿಂಗಳು ಸಾಕು, ಟಿಕೆಟ್ ಹಿಂದಕ್ಕೆ ಹಾಕಿಸು" ಎನ್ನುವ ಹಂತಕ್ಕೆ ಬಂದಿದ್ದರು.

ಅಂದು ಸಂಜೆ ಆಕಾಶವೇ ಕಪ್ಪಾಗುವಂತೆ ಕಾಗೆಗಳು ಬಂದವು. ತಂದೆಯವರು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ, "ಊರಲ್ಲಿ ತಿಥಿ ದಿನ ಪಿಂಡ ಇಟ್ಟು ಗಂಟೆಗಟ್ಟಲೆ ಕಾ ಕಾ ಅಂದರೂ ಒಂದು ಕಾಗೆ ಬರೋದಿಲ್ಲ. ಇಲ್ಲಿ ನೋಡು!" ಎಂದು ನಕ್ಕರು. ಆ ಪ್ರವಾಸದಲ್ಲಿ ಅವರು ಮನಬಿಚ್ಚಿ ನಕ್ಕಿದ್ದು ಅದೇ ಮೊದಲು.

ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿಯೊಬ್ಬ ಕಾಗೆಗಳ ಬಗ್ಗೆ ಇಲ್ಲಿ ಸಂಶೋಧನೆಯೇ ನಡೆಯುತ್ತಿದೆ ಎಂದು ಹೇಳಿದ. ಬಾಥೆಲ್ ಕ್ಯಾಂಪಸ್ಸಿನ ಪ್ರಾಧ್ಯಾಪಕ ಡಗ್ಲಸ್ ವ್ಯಾಕರ್ ಈ ಕಾಗೆಗಳ ಕೂಗುಗಳನ್ನು ಅಧ್ಯಯನ ಮಾಡುತ್ತಾ ಬಂದವರು. ಸಿಯಾಟಲ್ ಕ್ಯಾಂಪಸ್ಸಿನ ಜಾನ್ ಮಾರ್ಜ್ಲಫ್ ಅವರ ಪ್ರಯೋಗವಂತೂ ಜಗತ್ಪ್ರಸಿದ್ಧ. 2006ರಲ್ಲಿ ಅವರ ತಂಡ ಗುಹಾಮಾನವನ ಮುಖವಾಡ ಧರಿಸಿ ಏಳು ಕಾಗೆಗಳನ್ನು ಹಿಡಿದು, ಕಾಲಿಗೆ ಪಟ್ಟಿ ಹಾಕಿ ಬಿಟ್ಟಿತು. ಆಮೇಲೆ ಅದೇ ಮುಖವಾಡದಲ್ಲಿ ಯಾರೇ ನಡೆದರೂ ಕಾಗೆಗಳು ಗುಂಪುಗೂಡಿ ಬೈಯತೊಡಗಿದವು. ಬೇರೆ ಮುಖವಾಡ ಹಾಕಿದವರನ್ನು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ವರ್ಷಗಳು ಕಳೆದಂತೆ ಬೈಯುವ ಕಾಗೆಗಳ ಸಂಖ್ಯೆ ಹೆಚ್ಚುತ್ತಾ ಹೋಯಿತು. ಎಂದರೆ, ಎಂದೂ ಸಿಕ್ಕಿಬೀಳದ ಕಾಗೆಗಳೂ, ಆಮೇಲೆ ಹುಟ್ಟಿದ ಮರಿಗಳೂ ಹಿರಿಯರನ್ನು ನೋಡಿ ಆ ಮುಖವನ್ನು ಕಲಿತಿದ್ದವು.

ಕೆಲವು ವಾರಗಳ ನಂತರ ಪಕ್ಷಿಗಳ ಬಗೆಗಿನ ಒಂದು ಸಾರ್ವಜನಿಕ ಉಪನ್ಯಾಸಕ್ಕೆ ತಂದೆಯವರ ಜೊತೆ ಹೋದೆವು. ಪ್ರಶ್ನೋತ್ತರದ ಸಮಯದಲ್ಲಿ ನಮ್ಮ ಪಕ್ಕದಿಂದ ಒಂದು ಕೈ ಮೇಲೆದ್ದಿತು. ನಮಗೆ ಒಳಗೊಳಗೇ ಮುಜುಗರ! ಆದರೆ ಮೇಷ್ಟ್ರು ತಮ್ಮ ಹಳೆಯ ಕಾಲದ ಇಂಗ್ಲಿಷಿನಲ್ಲಿ, ಮರಿ ಹೀಗೆ ಕಲಿಯಲು ತಾಯಿಯ ಜೊತೆ ಎಷ್ಟು ಕಾಲ ಇರಬೇಕು ಎಂದು ಕೇಳಿದರು. ಉಪನ್ಯಾಸಕರು ಒಳ್ಳೆಯ ಪ್ರಶ್ನೆ ಎಂದು ಹೇಳಿ ಐದು ನಿಮಿಷ ಉತ್ತರಿಸಿದರು. ಮನೆಗೆ ಬರುವಾಗ ತಂದೆಯವರು ಏನೂ ಹೇಳಲಿಲ್ಲ. ಆದರೆ ಮರುದಿನ ಬೆಳಗ್ಗೆ ಕೇಳಿದ ಮೊದಲ ಪ್ರಶ್ನೆ, "ಮುಂದಿನದು ಯಾವಾಗ?" ಟಿಕೆಟ್ ಹಿಂದಕ್ಕೆ ಹಾಕಿಸುವ ಮಾತು ಮತ್ತೆ ಬರಲಿಲ್ಲ.

ಸಾರ್ವಜನಿಕ ಉಪನ್ಯಾಸ ಎಂದರೆ ಏನು?

ಸರಳವಾಗಿ ಹೇಳುವುದಾದರೆ, ಆ ವಿಷಯ ಓದಿಲ್ಲದವರಿಗೂ ಅರ್ಥವಾಗುವಂತೆ ವಿದ್ವಾಂಸರೊಬ್ಬರು ಮಾಡುವ ಭಾಷಣ. ಸುಮಾರು ಒಂದು ಗಂಟೆ ಮಾತು, ಆಮೇಲೆ ಪ್ರಶ್ನೆಗಳು. ದಾನಿಗಳು ಇಟ್ಟ ದತ್ತಿಯ ಬಡ್ಡಿಯಿಂದ ಎಷ್ಟೋ ಉಪನ್ಯಾಸ ಮಾಲೆಗಳು ನಡೆಯುತ್ತವೆ. ನಮ್ಮೂರಿನ ದತ್ತಿ ಉಪನ್ಯಾಸಗಳ ಹಾಗೆಯೇ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಡ್ಯಾನ್ಜ್ ಉಪನ್ಯಾಸ ಮಾಲೆ ಅಂಥದ್ದೊಂದು. 1963ರ ಏಪ್ರಿಲ್‌ನಲ್ಲಿ ಈ ಮಾಲೆಯಲ್ಲಿ ಮೂರು ಉಪನ್ಯಾಸ ಕೊಟ್ಟವರು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್! ಅವರಿಗೆ ನೊಬೆಲ್ ಬಂದಿದ್ದು ಎರಡು ವರ್ಷದ ನಂತರ, 1965ರಲ್ಲಿ. ಅವರು ಮಾತನಾಡಿದ್ದು ಸಮೀಕರಣಗಳ ಬಗ್ಗೆ ಅಲ್ಲ, ವಿಜ್ಞಾನಕ್ಕೂ ಸಮಾಜಕ್ಕೂ ಇರುವ ಸಂಬಂಧದ ಬಗ್ಗೆ, ಅನುಮಾನ ಪಡುವುದರ ಬೆಲೆಯ ಬಗ್ಗೆ. ಅವು ಪುಸ್ತಕವಾಗಿ ಬಂದಿದ್ದು 1998ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷದ ಮೇಲೆ. ಪುಸ್ತಕಕ್ಕೆ ಜಗತ್ತು ಮೂವತ್ತೈದು ವರ್ಷ ಕಾಯಬೇಕಾಯಿತು, ಅಂದು ಸಂಜೆ ಬಿಡುವು ಮಾಡಿಕೊಂಡು ಹೋದವರು ಎದುರಿಗೇ ಕೂತು ಕೇಳಿದ್ದರು.

ಇಂದಿಗೂ ಸಿಯಾಟಲ್ ಕ್ಯಾಂಪಸ್ಸಿನ ದೊಡ್ಡ ಉಪನ್ಯಾಸಗಳು ಹೆಚ್ಚಾಗಿ ಕೇನ್ ಹಾಲ್‌ನಲ್ಲಿ ನಡೆಯುತ್ತವೆ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಪಾಲ್ ಆಲೆನ್ ಹೆಸರಿನ ಕಂಪ್ಯೂಟರ್ ವಿಜ್ಞಾನ ವಿಭಾಗದ ವಿಶೇಷ ಉಪನ್ಯಾಸಗಳಿವೆ. ಸಾಹಿತ್ಯ, ಇತಿಹಾಸ ಇಷ್ಟಪಡುವವರಿಗೆ ಸಿಂಪ್ಸನ್ ಸೆಂಟರ್‌ನ ಕ್ಯಾಟ್ಜ್ ಉಪನ್ಯಾಸಗಳು. ಭಾರತದ ವಿಷಯಕ್ಕೆ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರ.

ವಿಚಾರ ಸಂಕಿರಣ ಬೇರೆ

ಕಾನ್ಫರೆನ್ಸ್ ಅಥವಾ ವಿಚಾರ ಸಂಕಿರಣ ವಿದ್ವಾಂಸರು ವಿದ್ವಾಂಸರಿಗಾಗಿಯೇ ನಡೆಸುವಂಥದ್ದು. ಒಂದು ಗೋಷ್ಠಿಯಲ್ಲಿ ಮೂರು ನಾಲ್ಕು ಜನ ತಲಾ ಹದಿನೈದು ಇಪ್ಪತ್ತು ನಿಮಿಷ ಪ್ರಬಂಧ ಮಂಡಿಸುತ್ತಾರೆ. ಅಧ್ಯಕ್ಷರು ಗಡಿಯಾರ ನೋಡಿ ಚೀಟಿ ಕಳಿಸುತ್ತಾರೆ. (ನಮ್ಮ ಸಮಾರಂಭಗಳಲ್ಲೂ ಈ ಚೀಟಿ ಪದ್ಧತಿ ಬಂದರೆ ಊಟ ಹೊತ್ತಿಗೆ ಸರಿಯಾಗಿ ಸಿಕ್ಕೀತು!) ಕೊನೆಗೆ ಒಬ್ಬರು ಎಲ್ಲ ಪ್ರಬಂಧಗಳ ಮೇಲೆ ಟಿಪ್ಪಣಿ ಮಾಡುತ್ತಾರೆ. ಇವಕ್ಕೆ ಸಾಮಾನ್ಯವಾಗಿ ನೋಂದಣಿ ಶುಲ್ಕ ಇರುತ್ತದೆ. ಆದರೆ ಪ್ರಧಾನ ಭಾಷಣವನ್ನು ಕೆಲವೊಮ್ಮೆ ಎಲ್ಲರಿಗೂ ತೆರೆದಿಟ್ಟಿರುತ್ತಾರೆ, ಕಾರ್ಯಕ್ರಮ ಪಟ್ಟಿಯಲ್ಲಿ ಅದನ್ನು ಹುಡುಕಿ.

ಏಷ್ಯಾ ಅಧ್ಯಯನದ ವಿದ್ವಾಂಸರ ಅತಿ ದೊಡ್ಡ ವಾರ್ಷಿಕ ಸಮ್ಮೇಳನ 2016ರಲ್ಲೂ 2024ರ ಮಾರ್ಚ್‌ನಲ್ಲೂ ನಮ್ಮ ಸಿಯಾಟಲ್ ನಗರದಲ್ಲೇ ನಡೆಯಿತು. ದಕ್ಷಿಣ ಏಷ್ಯಾಕ್ಕೇ ಮೀಸಲಾದ ಇನ್ನೊಂದು ಪ್ರಸಿದ್ಧ ಸಮ್ಮೇಳನ ಅಕ್ಟೋಬರ್ ಹೊತ್ತಿಗೆ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ನಡೆಯುತ್ತದೆ. ಅದನ್ನೂ ಅಲ್ಲಿಯವರು 'ಯು ಡಬ್ಲ್ಯೂ' ಎಂದೇ ಕರೆಯುತ್ತಾರೆ, ನಮ್ಮದು ಎಂದುಕೊಂಡು ಮೋಸ ಹೋಗಬೇಡಿ!

ಹೈಸ್ಕೂಲ್ ಮಕ್ಕಳಿರುವವರು ಮರೆಯಬಾರದ್ದು ಮೇ ತಿಂಗಳಿನಲ್ಲಿ ಸಿಯಾಟಲ್ ಕ್ಯಾಂಪಸ್ಸಿನಲ್ಲಿ ನಡೆಯುವ ಪದವಿ ವಿದ್ಯಾರ್ಥಿಗಳ ಸಂಶೋಧನಾ ಸಮ್ಮೇಳನ. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ತಮ್ಮ ಪೋಸ್ಟರ್ ಮುಂದೆ ನಿಂತು, ಬಂದವರಿಗೆಲ್ಲ ತಾವು ಕಂಡುಕೊಂಡಿದ್ದನ್ನು ವಿವರಿಸುತ್ತಾರೆ. ನಮ್ಮ ಮಕ್ಕಳಿಗೆ ಎಸ್‌ಎಟಿ ಅಂಕ, ರ್‍ಯಾಂಕಿಂಗು ಇವುಗಳ ಬಗ್ಗೆ ನಾವು ಹೇಳಿದ್ದೇ ಹೇಳುತ್ತೇವೆ. ಕಾಲೇಜಿನಲ್ಲಿ ನಿಜವಾಗಿ ಏನು ಮಾಡುತ್ತಾರೆ ಎಂಬುದನ್ನು ತೋರಿಸುವುದೇ ಇಲ್ಲ. ಅರ್ಧ ದಿನ ಅಲ್ಲಿ ಅಡ್ಡಾಡಿಸಿದರೆ ಹತ್ತು ಉಪದೇಶಕ್ಕೆ ಸಮ.

ಚಿತ್ರದುರ್ಗದ ಬಂಡೆ, ಸಿಯಾಟಲ್ಲಿನ ಭೂರ್ಜಪತ್ರ

"ಅಲ್ಲಿ ನಮ್ಮದು ಏನಿದೆ?" ಎಂದು ಕೇಳುವವರಿಗೆ ಒಂದು ಉದಾಹರಣೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇರುವುದನ್ನು ಶಾಲೆಯಲ್ಲಿ ಓದಿದ್ದೇವೆ. ಅದನ್ನು ಬರೆದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಆದರೆ ಕೊನೆಯಲ್ಲಿ 'ಲಿಪಿಕಾರ' ಎಂಬ ಅರ್ಥದ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ, ದೂರದ ವಾಯವ್ಯದ ಗಾಂಧಾರದ್ದು. ಎಲ್ಲಿಂದಲೋ ಕೆಲಸಕ್ಕೆಂದು ಬಂದವನು ತನ್ನ ಕಡೆಯ ಲಿಪಿಯಲ್ಲಿ ಒಂದು ಗುರುತು ಬಿಟ್ಟು ಹೋದ. ಸುಮಾರು 2,250 ವರ್ಷ ಹಿಂದೆಯೇ ಕರ್ನಾಟಕಕ್ಕೆ ಬಂದ 'ಆನ್‌ಸೈಟ್' ನೌಕರ ಎನ್ನೋಣವೇ!

ಅದೇ ಖರೋಷ್ಠಿಯನ್ನು ಓದುವ ಜಗತ್ತಿನ ಪ್ರಮುಖ ಕೇಂದ್ರಗಳಲ್ಲಿ ಒಂದು ನಮ್ಮ ವಾಷಿಂಗ್ಟನ್ ವಿಶ್ವವಿದ್ಯಾಲಯ. 1994ರಲ್ಲಿ ಬ್ರಿಟಿಷ್ ಲೈಬ್ರರಿಗೆ ಗಾಂಧಾರ ಪ್ರದೇಶದ ಭೂರ್ಜಪತ್ರದ ಸುರುಳಿಗಳು ದೊರೆತವು. ಸುಮಾರು ಕ್ರಿ.ಶ. ಒಂದನೇ ಶತಮಾನದವು, ಮುಟ್ಟಿದರೆ ಪುಡಿಯಾಗುವಂಥವು. ಅವನ್ನು ಓದಿ ಪ್ರಕಟಿಸುವ ಯೋಜನೆ 1996ರಲ್ಲಿ ಪ್ರಾಧ್ಯಾಪಕ ರಿಚರ್ಡ್ ಸಾಲೊಮನ್ ಅವರ ನೇತೃತ್ವದಲ್ಲಿ ಸಿಯಾಟಲ್‌ನಲ್ಲಿ ಆರಂಭವಾಯಿತು. ಚಪಡನ ಕೈಬರಹ ಓದಬಲ್ಲವರು ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿದ್ದಾರೆ!

ಕೇಳುವವರಿದ್ದರೆ ಹೇಳುವವರು

ಈಗ ಸ್ವಲ್ಪ ಗಂಭೀರವಾದ ಮಾತು. ಈ ವಿಶ್ವವಿದ್ಯಾಲಯದಲ್ಲಿ ಹಿಂದಿ, ಉರ್ದು, ಬಂಗಾಳಿ, ಸಂಸ್ಕೃತಗಳನ್ನು ಬಹುಕಾಲದಿಂದ ಕಲಿಸುತ್ತಾ ಬಂದಿದ್ದಾರೆ. ಆ ಸಾಲಿನಲ್ಲಿ ಕನ್ನಡದ ಹೆಸರಿಲ್ಲ. ಹಾರ್ವರ್ಡ್‌ನಲ್ಲಿ ತಮಿಳು ಪೀಠಕ್ಕಾಗಿ ತಮಿಳು ಬಂಧುಗಳು ಸೇರಿ 60 ಲಕ್ಷ ಡಾಲರ್ ಕೂಡಿಸಿದರು, 2018ರಲ್ಲಿ ಗುರಿ ಮುಟ್ಟಿದರು. ಅಷ್ಟು ದುಡ್ಡು ನಾಳೆಯೇ ಕೂಡಿಸೋಣ ಎಂದು ನಾವು ಹೇಳುತ್ತಿಲ್ಲ. ಆದರೆ ವಿಭಾಗದವರು ಯಾರನ್ನು ಭಾಷಣಕ್ಕೆ ಕರೆಯಬೇಕು ಎಂದು ಯೋಚಿಸುವಾಗ, ಕೇಳಲು ಯಾರು ಬರುತ್ತಾರೆ ಎಂಬುದನ್ನೂ ನೋಡುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದುಕೊಂಡು 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ಪ್ರಕಟಿಸಿ ಜಗತ್ತಿಗೆ ತೋರಿಸಿದರು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತಾರಾಷ್ಟ್ರೀಯ ಬೂಕರ್ ಗೆದ್ದವು. ಕನ್ನಡದ ಬಗ್ಗೆ ಕುತೂಹಲ ಇರುವ ಕಾಲ ಇದು. ಸಭಾಂಗಣದಲ್ಲಿ ಇಪ್ಪತ್ತು ಕನ್ನಡಿಗರು ಕೂತಿದ್ದು, ಅದರಲ್ಲಿ ಇಬ್ಬರು ಒಳ್ಳೆಯ ಪ್ರಶ್ನೆ ಕೇಳಿದರೆ, ಅದು ನೂರು ಮನವಿ ಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಹೋಗುವವರಿಗೆ ಕೆಲವು ಸಲಹೆಗಳು

ಯಾವಾಗ: ಇಲ್ಲಿ ಕ್ವಾರ್ಟರ್ ಪದ್ಧತಿ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್, ಜನವರಿಯಿಂದ ಮಾರ್ಚ್, ಮಾರ್ಚ್ ಕೊನೆಯಿಂದ ಜೂನ್. ಉಪನ್ಯಾಸಗಳು ಹೆಚ್ಚಾಗಿ ಇರುವುದು ಈ ಅವಧಿಗಳಲ್ಲೇ. ಪ್ರತಿ ಕ್ವಾರ್ಟರಿನ ಮೊದಲ ವಾರ ವಿಶ್ವವಿದ್ಯಾಲಯದ ಕಾರ್ಯಕ್ರಮ ಪಟ್ಟಿ ನೋಡಿಡಿ.

ಸೀಟು: ಉಚಿತವಾದರೂ ಕೆಲವಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು. ನೋಂದಾಯಿಸಿ ಹೋಗದೇ ಇರಬೇಡಿ, ಇನ್ನೊಬ್ಬರ ಸೀಟು ಹಾಳು.

ಪ್ರಯಾಣ: ಪಾರ್ಕಿಂಗಿಗೆ ಸಾಮಾನ್ಯವಾಗಿ ದುಡ್ಡು ಕೊಡಬೇಕು. ಸಿಯಾಟಲ್ ಕ್ಯಾಂಪಸ್ಸಿಗಾದರೆ ಲಿನ್‌ವುಡ್‌ನಿಂದ ಲಿಂಕ್ ರೈಲಿನಲ್ಲಿ ಹೋಗಬಹುದು. 2024ರ ಆಗಸ್ಟ್‌ನಿಂದ ರೈಲು ಲಿನ್‌ವುಡ್‌ವರೆಗೂ ಬರುತ್ತಿದೆ, ಯು ಡಿಸ್ಟ್ರಿಕ್ಟ್ ನಿಲ್ದಾಣದಲ್ಲಿ ಇಳಿದರೆ ಕ್ಯಾಂಪಸ್ಸು ನಡಿಗೆಯ ದೂರ.

ಪ್ರಶ್ನೆ: ಒಂದೇ ಪ್ರಶ್ನೆ, ಅರ್ಧ ನಿಮಿಷದಲ್ಲಿ. ಪ್ರಶ್ನೆ ಎಂದು ಹೇಳಿ ಭಾಷಣ ಮಾಡಬಾರದು. ಉಚ್ಚಾರಣೆಯ ಚಿಂತೆ ಬೇಡ, ಅಲ್ಲಿ ಎಲ್ಲ ದೇಶದ ಉಚ್ಚಾರಣೆಯೂ ಇರುತ್ತದೆ.

ಹಿರಿಯರು: 60 ವರ್ಷ ದಾಟಿದ ವಾಷಿಂಗ್ಟನ್ ರಾಜ್ಯದ ನಿವಾಸಿಗಳು ಜಾಗ ಖಾಲಿ ಇರುವ ತರಗತಿಗಳಲ್ಲಿ ನಾಮಮಾತ್ರ ಶುಲ್ಕಕ್ಕೆ ಕೂತು ಕೇಳಲು 'ಆಕ್ಸೆಸ್' ಎಂಬ ಯೋಜನೆ ಇದೆ. ಪರೀಕ್ಷೆ ಇಲ್ಲ, ಅಂಕವಿಲ್ಲ. ಇಲ್ಲೇ ನೆಲೆಸಿರುವ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಭೇಟಿಗೆಂದು ಬಂದವರಿಗೆ ಸಾರ್ವಜನಿಕ ಉಪನ್ಯಾಸಗಳು ಇದ್ದೇ ಇವೆ.

ಕಾಗೆ ನೋಡಲು: ಚಳಿಗಾಲದಲ್ಲಿ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಬಾಥೆಲ್ ಕ್ಯಾಂಪಸ್ಸಿಗೆ ಹೋಗಿ. ಮಳೆ ಇಲ್ಲದಿದ್ದರೂ ಕೊಡೆ ಒಯ್ಯಿರಿ. ಏಕೆ ಎಂದು ಅಲ್ಲಿ ನಿಂತ ಮೇಲೆ ನಿಮಗೇ ತಿಳಿಯುತ್ತದೆ!

ತಂದೆಯವರು ಊರಿಗೆ ಮರಳಿ ಬಹಳ ದಿನವಾಯಿತು. ಫೋನ್ ಮಾಡಿದಾಗ ಆರೋಗ್ಯ, ಮಳೆ, ಬೆಳೆ ಎಲ್ಲ ವಿಚಾರಿಸಿ ಕೊನೆಗೆ "ಕಾಗೆಗಳು ಬಂದವಾ? ಯಾವುದಾದರೂ ಲೆಕ್ಚರ್‌ಗೆ ಹೋಗಿದ್ರಾ?" ಎಂದು ಕೇಳುತ್ತಾರೆ. ಇಲ್ಲ ಎನ್ನಲು ನಮಗೆ ನಾಚಿಕೆ. ಆದ್ದರಿಂದ ಹೋಗುತ್ತೇವೆ, ಮಗಳನ್ನೂ ಕರೆದುಕೊಂಡು. ಮುಂದಿನ ಸಲ ನೀವೂ ಬನ್ನಿ, ಕಾರಿನಲ್ಲಿ ಜಾಗವಿದೆ. ಉಪನ್ಯಾಸ ಮುಗಿದ ಮೇಲೆ ನಮ್ಮ ಮನೆಯಲ್ಲಿ ಬಿಸಿ ಕಾಫಿ ಕುಡಿಯುತ್ತಾ, ಕೇಳಿದ್ದನ್ನು ಕನ್ನಡದಲ್ಲಿ ಮಾತನಾಡೋಣ.