ಆಗೊಮ್ಮೆ ಈಗೊಮ್ಮೆ ನಿಲ್ಲುವ ಕಂಪ್ಯೂಟರು

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಂದು, ಆಟಕ್ಕೆಂದೇ ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸುವ ಹವ್ಯಾಸ ಈಗ ನಮ್ಮ ಹಳ್ಳಿಮನೆಗಳಿಗೂ ಬಂದಿದೆ. ನಮ್ಮ ಮಗನೂ ಎರಡು ವರ್ಷ ಕೂಡಿಟ್ಟ ಹಣದಲ್ಲಿ ಮಂಗಳೂರಿನಿಂದ ಭಾಗಗಳನ್ನು ತಂದು ಅಂಥದೊಂದನ್ನು ಜೋಡಿಸಿದ. ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಬಳಿಕ ಹ್ಯಾಂಗ್ ಆಗತೊಡಗಿತು. ಆಟದ ನಡುವೆ ಚಿತ್ರ ಇದ್ದಲ್ಲೇ ನಿಲ್ಲುವುದು, ಧ್ವನಿ ಒಂದೇ ಸಮನೆ ಗುಂಯ್‌ಗುಡುವುದು, ಮೌಸ್ ಅಲುಗದಿರುವುದು. ಆರಿಸಿ ಮತ್ತೆ ಹಾಕಿದರೆ ಏನೂ ಆಗದಂತೆ ನಡೆಯುವುದು. ಒಂದು ದಿನ ಎರಡು ಬಾರಿ ನಿಂತರೆ, ಮತ್ತೆ ಮೂರು ದಿನ ಸುದ್ದಿಯೇ ಇಲ್ಲ.

"ಆಡಿ ಆಡಿ ಕೆಡಿಸಿದೆ" ಎಂದು ನಾವು ಗದರಿದೆವು. ಪೇಟೆಯ ಅಂಗಡಿಯವರು ಅರ್ಧ ಗಂಟೆ ನೋಡಿದರು. ಆ ಹೊತ್ತಿನಲ್ಲಿ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಆದರೂ ಗ್ರಾಫಿಕ್ಸ್ ಕಾರ್ಡು ಬದಲಿಸಬೇಕೆಂದರು. ಇಡೀ ಯಂತ್ರದಲ್ಲಿ ಅತಿ ಹೆಚ್ಚು ಬೆಲೆಯ ಭಾಗವೇ ಅದು. ಹುಡುಗನ ಮುಖ ಸಣ್ಣದಾಯಿತು.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಅದರಲ್ಲಿದ್ದುದನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿದ್ದು. ಅಜ್ಜನ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ತಾಳಮದ್ದಳೆಗಳೂ ಅದರಲ್ಲಿದ್ದವು. ಕ್ಯಾಸೆಟ್ಟುಗಳು ಈಗ ಬೂಷ್ಟು ಹಿಡಿದಿವೆ.

ಅನಂತರ ಒಂದು ನೋಟುಪುಸ್ತಕ ಇಟ್ಟೆವು. ನಿಂತ ಸಮಯ, ಆಗ ನಡೆಯುತ್ತಿದ್ದ ಕೆಲಸ, ಪ್ರೊಸೆಸರಿನ ಬಿಸಿ, ತೋಟದ ಪಂಪು ಓಡುತ್ತಿತ್ತೇ ಇಲ್ಲವೇ ಎಂಬುದನ್ನೆಲ್ಲ ಬರೆದೆವು. ಹತ್ತು ದಿನಗಳಲ್ಲಿ ನಮ್ಮ ಊಹೆಗಳೆಲ್ಲ ಒಂದೊಂದಾಗಿ ಬಿದ್ದುಹೋದವು. ವೋಲ್ಟೇಜಿನ ಏರಿಳಿತವೆಂದು ತಿಳಿದಿದ್ದೆವು. ಪಂಪು ನಿಂತಿದ್ದಾಗಲೂ ಹ್ಯಾಂಗ್ ಆಯಿತು. ಬಿಸಿಯೆಂದು ತಿಳಿದಿದ್ದೆವು, 70 ಡಿಗ್ರಿ ದಾಟಿರಲಿಲ್ಲ. ಪ್ರೊಸೆಸರುಗಳು ಸಾಮಾನ್ಯವಾಗಿ 95ರಿಂದ 100 ಡಿಗ್ರಿಯ ಹತ್ತಿರ ಬಂದಾಗ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಆಟದ ದೋಷವೂ ಅಲ್ಲ. ಕಡತ ನಕಲು ಮಾಡುವಾಗಲೂ ಒಮ್ಮೆ ನಿಂತಿತ್ತು.

ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ 'ಕರ್ನಲ್ ಪವರ್ 41' ಎಂಬ ದಾಖಲೆ ಕಂಡಿತು. ಅದನ್ನು ನೋಡಿ ಪವರ್ ಸಪ್ಲೈ ಕೆಟ್ಟಿದೆಯೆಂದು ನಿರ್ಧರಿಸುವವರು ಬಹಳ. ಯಂತ್ರವು ಕ್ರಮವಾಗಿ ಮುಚ್ಚಿಕೊಳ್ಳದೆ ಮತ್ತೆ ಆರಂಭವಾಯಿತು ಎಂದಷ್ಟೇ ಅದರ ಅರ್ಥ. ಗುಂಡಿ ಒತ್ತಿ ಆರಿಸಿದವರು ನಾವೇ ಆಗಿದ್ದೆವು.

ಆ ಬಳಿಕ ರ್‍ಯಾಮಿನ ಸರದಿ. ಮೆಮ್‌ಟೆಸ್ಟ್86 ಎಂಬ ಉಚಿತ ಪರೀಕ್ಷೆಯನ್ನು ಪೆನ್‌ಡ್ರೈವಿಗೆ ಹಾಕಿ, ವಿಂಡೋಸ್ ಇಲ್ಲದೆ ಅದರಿಂದಲೇ ಯಂತ್ರವನ್ನು ಆರಂಭಿಸಿ, ರಾತ್ರಿಯಿಡೀ ಓಡಲು ಬಿಟ್ಟೆವು. ಬೆಳಿಗ್ಗೆ ಪರದೆಯ ಮೇಲೆ ಕೆಂಪು ಸಾಲುಗಳು. ರ್‍ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ವ್ಯವಸ್ಥೆಯನ್ನು ಬಯಾಸಿನಲ್ಲಿ ತೆಗೆದರೂ ತಪ್ಪುಗಳು ನಿಲ್ಲಲಿಲ್ಲ. 8 ಜಿಬಿಯ ಎರಡು ಪಟ್ಟಿಗಳಲ್ಲಿ ಒಂದನ್ನೇ ಇಟ್ಟು ನೋಡಿದೆವು, ತಪ್ಪಿಲ್ಲ. ಅದೇ ಸ್ಲಾಟಿನಲ್ಲಿ ಇನ್ನೊಂದನ್ನು ಇಟ್ಟೆವು; ಮತ್ತೆ ಕೆಂಪು. ಒಳ್ಳೆಯ ಪಟ್ಟಿಯನ್ನು ಇನ್ನೊಂದು ಸ್ಲಾಟಿಗೂ ಹಾಕಿ ಪರೀಕ್ಷಿಸಿದಾಗ ಮದರ್‌ಬೋರ್ಡಿನ ಮೇಲಿನ ಸಂಶಯವೂ ಕಳೆಯಿತು. ಕೆಟ್ಟ ಅಂಶ ಬಳಕೆಗೆ ಬಂದಾಗ ಮಾತ್ರ ಯಂತ್ರ ನಿಲ್ಲುತ್ತಿತ್ತು. ಆದ್ದರಿಂದಲೇ ಅದು ದಿನ, ಹೊತ್ತು ನೋಡುತ್ತಿರಲಿಲ್ಲ.

ಜೋಡಿಯನ್ನು ವಾರಂಟಿಯಲ್ಲಿ ಬದಲಿಸಿಕೊಂಡೆವು. ಖರ್ಚಾದದ್ದು ಅಂಚೆಯ ಹಣ ಮಾತ್ರ.

ಎಲ್ಲರ ಮನೆಯಲ್ಲೂ ರ್‍ಯಾಮೇ ಕಾರಣವೆಂದು ನಾವು ಹೇಳುವುದಿಲ್ಲ. ಸಡಿಲವಾದ ಕೇಬಲ್, ಸೋತ ಎಸ್‌ಎಸ್‌ಡಿ, ದುರ್ಬಲ ಪವರ್ ಸಪ್ಲೈ, ಹಳೆಯ ಬಯಾಸ್, ಯಾವುದೂ ಆಗಬಹುದು. ಪ್ರೊಸೆಸರು ಕೂಡ ಆಗಬಹುದು: ತನ್ನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿವೆಯೆಂದು ಇಂಟೆಲ್ ಸಂಸ್ಥೆ 2024ರಲ್ಲಿ ಒಪ್ಪಿಕೊಂಡು, ಬಯಾಸ್ ಮೂಲಕ ತಿದ್ದುಪಡಿ ನೀಡಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅಂಥ ಪ್ರೊಸೆಸರು ಇರುವವರು ಬಯಾಸನ್ನು ಹೊಸತುಮಾಡಿಕೊಳ್ಳಬೇಕು.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಮೊದಲು ನಕಲು ತೆಗೆದಿಡಿ. ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ ಕಳಚಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ಪರೀಕ್ಷೆಯಿಲ್ಲದೆ ಭಾಗ ಬದಲಿಸಲು ಹಣ ಕೊಡಬೇಡಿ.

ಇನ್ನೊಂದು ಮಾತು. ಮಗನನ್ನು ಗದರಿದ್ದು ನಮ್ಮ ತಪ್ಪು. ಅದನ್ನು ಅವನಿಗೂ ಹೇಳಿದ್ದೇವೆ.