ಅನುಭವ ಪತ್ರದ ಅಸಲಿ-ನಕಲಿ: ಪೋಷಕರು ಅರಿತಿರಬೇಕಾದ ಸಂಗತಿಗಳು

ತಾಳವಾಡಿ ಭಾಗದ ಕನ್ನಡ ಶಾಲೆಗಳಲ್ಲಿ ಕಲಿತ ಅನೇಕರು ಉದ್ಯೋಗವನ್ನರಸಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೂ ಕೊಯಮತ್ತೂರಿನ ಗಿರಣಿ, ಐಟಿ ಸಂಸ್ಥೆಗಳಿಗೂ ತೆರಳುತ್ತಾರೆ. ಅನುಭವವಿಲ್ಲದವರಿಗೆ ಕೆಲಸವಿಲ್ಲವೆಂಬ ಮಾತಿಗೆ ಕಂಗೆಟ್ಟವರೆದುರು, ಹಣಕ್ಕೆ ಅನುಭವ ಪತ್ರ ಕೊಡಿಸುವ ಮಧ್ಯವರ್ತಿಗಳು ಸುಳಿಯುವುದುಂಟು. ಇಂತಹ ಪತ್ರ ಬಹುಕಾಲ ಉಳಿಯದು. ಅಸ್ತಿತ್ವದಲ್ಲಿಯೇ ಇಲ್ಲದ ಕಂಪನಿಗಳ ಅನುಭವ ಪತ್ರ ನೀಡಿ ಭಾರತದಲ್ಲಿ ಕೆಲಸಕ್ಕೆ ಸೇರಿದವರನ್ನು ಹೊರಗೆ ಕಳುಹಿಸಿರುವುದಾಗಿ 2022ರ ನವೆಂಬರಿನಲ್ಲಿ ಆಕ್ಸೆಂಚರ್ ಸಂಸ್ಥೆಯೇ ಪ್ರಕಟಿಸಿತು.

ಪರಿಶೀಲಕರು ಮೊಹರನ್ನೂ ಸಹಿಯನ್ನೂ ನೋಡಿ ತೃಪ್ತರಾಗುವುದಿಲ್ಲ. ಪತ್ರದಲ್ಲಿ ಮುದ್ರಿತವಾದ ದೂರವಾಣಿಯನ್ನು ಬಿಟ್ಟು, ತಾವೇ ಹುಡುಕಿದ ಸಂಖ್ಯೆಗೆ ಕರೆ ಮಾಡುತ್ತಾರೆ. ಕಂಪನಿ ನೋಂದಣಿಯಾದ ದಿನಾಂಕವನ್ನು ಸರ್ಕಾರಿ ಜಾಲತಾಣದಲ್ಲಿ ನೋಡುತ್ತಾರೆ. 2021ರಲ್ಲಿ ಹುಟ್ಟಿದ ಕಂಪನಿ 2019ರ ಅನುಭವಕ್ಕೆ ಸಾಕ್ಷಿ ಹೇಳಲಾರದು. ಭವಿಷ್ಯನಿಧಿಯ ಯುಎಎನ್ ಪಾಸ್‌ಬುಕ್ಕಿನಲ್ಲಿ ಯಾವ ಮಾಲೀಕರು ಯಾವ ತಿಂಗಳು ವಂತಿಗೆ ಕಟ್ಟಿದರೆಂಬುದು ದಾಖಲಾಗಿರುತ್ತದೆ. ಸಂಬಳದ ಚೀಟಿಯನ್ನು ಬ್ಯಾಂಕ್ ಖಾತೆಯ ಜಮೆಯೊಂದಿಗೆ ತಾಳೆ ನೋಡುತ್ತಾರೆ.

ಆದರೆ ಪ್ರಾಮಾಣಿಕರಿಗೂ ತೊಡಕು ಬರಬಹುದು. ಭವಿಷ್ಯನಿಧಿ ಕಾಯಿದೆ ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುವುದರಿಂದ, ಸಣ್ಣ ಜಾಬ್‌ವರ್ಕ್ ಘಟಕಗಳಲ್ಲಿ ನಿಜವಾಗಿ ದುಡಿದವರ ಹೆಸರು ಅಲ್ಲಿ ಕಾಣದಿರಬಹುದು. ಅಂಥವರು ನೇಮಕಾತಿ ಪತ್ರ, ಬಿಡುಗಡೆ ಪತ್ರಗಳನ್ನು ಕೇಳಿ ಪಡೆಯಬೇಕು. ಸಂಬಳವನ್ನು ಬ್ಯಾಂಕ್ ಮೂಲಕವೇ ಸ್ವೀಕರಿಸುವುದು ಲೇಸು.

ನಮ್ಮ ಮಕ್ಕಳಿಗೆ ಇನ್ನೊಂದು ವಿಶೇಷ ತೊಡಕಿದೆ. ತಮಿಳು ಲಿಪಿಯಲ್ಲಿ ಕ-ಗ, ಪ-ಬಗಳಿಗೆ ಬೇರೆಬೇರೆ ಅಕ್ಷರಗಳಿಲ್ಲ. ಶಾಲೆಯ ಬಸವರಾಜು ಮತ್ತೊಂದು ದಾಖಲೆಯಲ್ಲಿ ಪಸವರಾಜು ಆಗಿಬಿಡಬಹುದು. ಇನಿಷಿಯಲ್ ಒಂದೆಡೆ ಹೆಸರಿನ ಮುಂದೆ, ಮತ್ತೊಂದೆಡೆ ಹಿಂದೆ ಬರಬಹುದು. ಪರಿಶೀಲಕರ ಕಣ್ಣಿಗೆ ಇವರು ಇಬ್ಬರು ವ್ಯಕ್ತಿಗಳು. ಆದ್ದರಿಂದ ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಮುನ್ನವೇ ಪೋಷಕರು ಮುಖ್ಯೋಪಾಧ್ಯಾಯರ ಬಳಿ ಪಟ್ಟಿಯನ್ನು ನೋಡಿ, ಆಧಾರ್ ಮತ್ತು ಜನನ ಪತ್ರದೊಂದಿಗೆ ಹೊಂದಿಸಿಕೊಳ್ಳಬೇಕು.

ಭಾರತೀಯ ನ್ಯಾಯ ಸಂಹಿತೆಯ 336(3)ನೇ ಕಲಮಿನಂತೆ ವಂಚನೆಗಾಗಿ ದಾಖಲೆ ಸೃಷ್ಟಿಸಿದವರಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ನಕಲಿಯೆಂದು ತಿಳಿದೂ ಅದನ್ನು ಅಸಲಿಯೆಂದು ಬಳಸಿದವರಿಗೂ 340ನೇ ಕಲಮಿನ ಪ್ರಕಾರ ಅದೇ ಶಿಕ್ಷೆ. ಮಧ್ಯವರ್ತಿ ಹಣ ಪಡೆದು ಮರೆಯಾದಾಗ, ಪತ್ರದೊಡನೆ ಸಿಕ್ಕಿಬೀಳುವವರು ನಮ್ಮ ಮಕ್ಕಳೇ. ಅನುಭವವಿಲ್ಲದಿದ್ದರೆ ಇಲ್ಲವೆಂದೇ ಬರೆದು, ತರಬೇತಿ ಹುದ್ದೆಯಿಂದ ಆರಂಭಿಸುವಂತೆ ಅವರಿಗೆ ಹೇಳೋಣ.